ತಲಿ ಹಾರಿದ ಬೋಲ್ಟು

ಆಡೂರ ಕರಬಸಪ್ಪಗ ಒಂದ ಕಡೆ ಕುಂಡ್ರೂದು ಅಂದ್ರ ಮೈಗೆ ಮುಳ್ಳು ಚುಚ್ಚಿದಂಗ. ಚಾ ನಿಂತ ಕುಡೀತಾನ, ರೊಟ್ಟಿ ಓಡ್ಯಾಡ್ಕೋಂತ ತಿಂತಾನ, ಯಾರರ ಮಾತಾಡಾಕ ಹತ್ತಿದ್ರ ಅವರು ಮುಗಿಸೂದ್ರೊಳಗ ಉಳದದ್ದನ್ನ ತಾನ ಮುಗಿಸಿ ಕೊಡ್ತಾನ. ತನ್ನ ಲಗ್ನದಾಗ ಅಯ್ಯನಾರು ಇನ್ನಾ ಮಂತ್ರ ಹೇಳಾಕತ್ತಿದ್ರು, ಈ ಪುಣ್ಯಾತ್ಮ ಆಗ್ಲೇ ತಾಳಿ ಕಟ್ಟಿ ಎದ್ದ ನಿಂತಿದ್ದ. ಅವನ ಹೇಣ್ತಿ ಸುಶೀಲವ್ವ ಈಗೂ ಅದನ್ನ ಹೇಳಿ ನಗ್ತಾಳ. ಆ ನಗೀ ಒಳಗ ಒಂದೀಟು ಸಿಟ್ಟೂ ಇರತೈತಿ.

ಹಾನಗಲ್ಲ ರಸ್ತಾದ ಬಾಜೂಕ ಅವಂದೊಂದು ತಗಡಿನ ಶೆಡ್ಡು. ಮುಂದ ವೆಲ್ಡಿಂಗ್ ಅಂಗಡಿ, ಹಿಂದ ಮನಿ, ಅದರ ಹಿಂದ ಹಿತ್ತಲ. ಗೇಟು, ಕಿಡಕಿ ಮಾಡಾವ್ರು ಬೇಕಾದಷ್ಟು ಮಂದಿ ಅದಾರ ಬಿಡ್ರಿ. ಆದ್ರ ಜಂಗು ಹಿಡದು ಕಚ್ಚಿಕೊಂಡ ಬೋಲ್ಟು, ತಲಿ ಹಾರಿ ಒಳಗ ಮುರಕೊಂಡು ಕುಂತ ಬೋಲ್ಟು, ಇಂಥಾವ್ನ ತೆಗೀಬೇಕಂದ್ರ ಸುತ್ತಿನ ತಾಲೂಕಿನ್ಯಾಗೆಲ್ಲ ಕರಬಸಪ್ಪಂದ ಹೆಸರು. ಶಿಗ್ಗಾವಿ ಕಡೆಯಿಂದ ಟ್ರ್ಯಾಕ್ಟರ್ ಬರ್ತಾವ. ಸವಣೂರಿನ ಎಲಿ ತೋಟದವ್ರು ಎಂಜಿನ್ ಹೊತ್ಕೊಂಡ ಬರ್ತಾರ. ಯಲವಿಗಿಯವ ಒಬ್ಬ ನೀರಿನ ಪಂಪನ್ನ ಕೂಸಿನ್ನ ಹಿಡಕೊಂಡಂಗ ತೊಡಿ ಮ್ಯಾಲ ಇಟ್ಕೊಂಡು ಬಸ್ಸಿನ್ಯಾಗ ಬಂದಿದ್ದ.

ಈ ವಿದ್ಯಾ ಅವಂಗ ಹೆಂಗ ಬಂತು ಅಂತೀರಿ? ಹುಡುಗಿದ್ದಾಗ ಹಾನಗಲ್ಲಿನ್ಯಾಗ ಒಬ್ಬ ಮೇಸ್ತ್ರಿ ಕೈಯಾಗ ಕೆಲಸಕ್ಕಿದ್ದ. ಯಾವ ಬೋಲ್ಟ್ ಕೊಟ್ರೂ ತಿರುವೂ ಪಾನಾ ಹಾಕಿ ಒಂದ ಜಗ್ಗು ಜಗ್ಗಾಂವ, ತಲಿ ಟಕ್ ಅಂತ ಹಾರಿ ಮೂಲ್ಯಾಗ ಬೀಳತಿತ್ತು. ಮೇಸ್ತ್ರಿ ಬೈದು ಬೈದು ಸಾಕಾಗಿ, 'ಮುರದಂವನ ತೆಗೀಬೇಕು' ಅಂತ ಒಂದ ಕಾಯ್ದೆ ಮಾಡಿಬಿಟ್ಟ. ಮುರದ ಮುರದ, ತೆಗದ ತೆಗದ. ಹಿಂಗಾಗಿ ಮುರಿಯೂದ್ರಾಗೂ ಅವನ್ನ ಮೀರಿಸಾವ್ರಿಲ್ಲ, ತೆಗಿಯೂದ್ರಾಗೂ ಅವನ್ನ ಮೀರಿಸಾವ್ರಿಲ್ಲ. ಬಾಜೂ ಪಂಕ್ಚರ್ ಅಂಗಡಿ ಬಂದೇಸಾಬ ಗಿರಾಕಿಗೋಳ ಮುಂದನ ಹೇಳ್ತಿದ್ದ: "ನಮ್ಮ ಕರಬಸಪ್ಪಣ್ಣ ಡಾಕ್ಟರೂ ಹೌದ್ರಿ, ಜಡ್ಡೂ ಹೌದ್ರಿ."

ಈ ಸಲದ ದಸರಾದಾಗ ಮಾತ್ರ ಕರಬಸಪ್ಪಗ ನಿಂತಲ್ಲೆ ನಿಂದ್ರಾಕ ಆಗವಲ್ದು, ಕುಂತಲ್ಲೆ ಕುಂಡ್ರಾಕ ಆಗವಲ್ದು. ಕಾರಣ ಇಷ್ಟ. ಅವನ ಒಬ್ಬಾಕಿ ಮಗಳು ಸುಧಾರಾಣಿ, ಹಿರೇಕೆರೂರ ತಾಲೂಕಿನ ಚಿಕ್ಕೇರೂರಿಗೆ ಕೊಟ್ಟಾಕಿ, ನವರಾತ್ರಿ ಘಟ ಹಾಕಿದ ಮರುದಿನ ಒಂದ ಬ್ಯಾಗ್ ಹಿಡಕೊಂಡು ಬಸ್ ಇಳದು ಬಂದ್ಲು. ಸಂಗಾಟ ಗಂಡ ಇಲ್ಲ. ಬರ್ತೇನಿ ಅಂತ ಒಂದ ಫೋನಿಲ್ಲ. ಬಂದಾಕಿನ ಸೀರಿ ಬದಲಿ ಮಾಡಿ, ಅವ್ವನ ಕೂಡ ಹಿಟ್ಟು ನಾದಾಕ ಕುಂತ್ಲು.

"ಏನಾತವ್ವಾ?" ಅಂದ ಕರಬಸಪ್ಪ.

"ಏನಿಲ್ಲಪಾ."

"ಏನಿಲ್ದ ಹಿಂಗ ಬರ್ತಾರೇನು? ಹೊಡದ್ರೇನು? ಕುಡದ್ರೇನು? ನಿಮ್ಮತ್ತಿ ಏನರ ಅಂದ್ಲೇನು?"

"ಯಾರೂ ಏನೂ ಮಾಡಿಲ್ಲಪಾ."

ಬಿಡಾಂವ ಅಲ್ಲ ಅಂವ. ಏನಾತು, ಹೊಳ್ಳಿ ಯಾವಾಗ ಹೋಗ್ತಿ ಅಂತ ಮುಂಜಾನೆ ಕೇಳಿದ, ಉಣ್ಣೂ ಮುಂದ ಕೇಳಿದ, ಬಟ್ಟಿ ಒಣಾ ಹಾಕೂ ಮುಂದ ಹಗ್ಗದ ಆ ಕಡೆ ನಿಂತು ಕೇಳಿದ. ಅಂವ ಕೇಳಿದಷ್ಟೂ ಅಕಿ ಬಾಯಿ ಬಿಗಿ ಆತು. "ಗಪ್ಪ ಇರ್ರಿ, ತಾನ ಹೇಳ್ತಾಳ" ಅಂತ ಸುಶೀಲವ್ವ ಅಂದ್ರ, "ಯಾವಾಗ? ಮುಂದಿನ ದಸರಾಕ್ಕೇನು?" ಅಂತ ಅಕಿ ಮ್ಯಾಲ ಹರಿಹಾಯ್ದ. ಅಳಿಯ ಚನ್ನೇಶಗ ಫೋನ್ ಹಚ್ಚಿದ್ರ, "ಮಷೀನಿನ ಕೆಲಸ ಐತ್ರಿ ಮಾವಾರ, ಆಮ್ಯಾಲ ಮಾಡ್ತೇನಿ" ಅಂತ ಇಟ್ಟಬಿಟ್ಟ. ಆಮ್ಯಾಲ ಮಾಡ್ಲಿಲ್ಲ.

ಹಬ್ಬದಾಗ ಮಂದಿ ಬಾಯಿ ಸುಮ್ನ ಇರ್ತಾವೇನ್ರಿ? ಬನ್ನಿ ಗಿಡಕ್ಕ ನೀರು ಹಾಕಾಕ ಹೊಂಟ ಹೆಣ್ಮಕ್ಕಳು ಶೆಡ್ಡಿನ ಮುಂದ ನಿಂತು, "ಸುಧಾ ಬಂದಾಳಂತಲ್ಲ, ಅಳಿಯಂದ್ರು ಬರ್ಲಿಲ್ಲೇನು?" ಅಂತ ಕೇಳಾವ್ರು. ಆ ಮಾತು ಕರಬಸಪ್ಪಗ ವೆಲ್ಡಿಂಗ್ ಕಿಡಿ ಸಿಡದಂಗ ಹತ್ತತಿತ್ತು. ಅವನ ತಲ್ಯಾಗ ಒಂದ ಹಟ. ಹಬ್ಬ ಮುಗಿಯೂದ್ರೊಳಗ ಮಗಳು ಗಂಡನ ಮನಿ ಸೇರಬೇಕು, ಯಾರೂ ಹಿಂಗ್ಯಾಕ ಅಂತ ಕೇಳಬಾರ್ದು.

ಮಹಾನವಮಿ ಬಂತು. ಖಂಡೇ ಪೂಜಿ. ಶೆಡ್ಡು ತೊಳದು, ಬಾಳಿ ಕಂಬಾ ಕಟ್ಟಿ, ಪಾನಾ, ಸುತ್ತಿಗಿ, ಡ್ರಿಲ್ ಮಷೀನು, ವೆಲ್ಡಿಂಗ್ ಮಷೀನು ಎಲ್ಲಾಕೂ ಈಬತ್ತಿ ಹಚ್ಚಿ ಸಾಲಕ್ಕ ಇಟ್ರು. ಚೆಂಡು ಹೂವಿನ ಮಾಲಿ ಹಾಕಿದ್ರು. ಬಂದೇಸಾಬನೂ ತನ್ನ ಗಾಳಿ ತುಂಬೂ ಮಷೀನಿಗೆ ಒಂದ ಮಾಲಿ ಹಾಕಿ, ಗಿರಾಕಿಗೋಳಿಗೆ ಪೇಢೆ ಹಂಚಿದ. ಆ ಬಾಜಾರದಾಗ ಒಂದ ಕಟ್ಟಳೆ ಐತಿ. ಪೂಜಿಗೆ ಕುಂತ ಹತಾರಾನ ಮರುದಿನ ಸಂಜಿಕೆ ಬನ್ನಿ ಮುಡಿಯೂ ಮಟಾ ಯಾರೂ ಮುಟ್ಟಂಗಿಲ್ಲ. ವರ್ಷಪೂರ್ತಿ ದುಡದಾವು, ಅವಕ್ಕೂ ಒಂದ ದಿನ ಸೂಟಿ ಬ್ಯಾಡೇನು? ಇದು ಸುಶೀಲವ್ವ ಹೇಳೂ ಮಾತು. ಕರಬಸಪ್ಪಗ ಮಾತ್ರ ಆ ಸೂಟಿ ಅಂದ್ರ ಶಿಕ್ಷಾ. ಎರಡೂ ಕೈ ಎಲ್ಲಿಡ್ಬೇಕು ಅನ್ನೂದ ಅವಂಗ ತಿಳಿಯಂಗಿಲ್ಲ.

ಬೂದಗುಂಬಳ ಒಡದು ಇನ್ನಾ ಕುಂಕುಮ ಹಸೀನ ಇತ್ತು, ರಸ್ತಾದಾಗ ಒಂದ ಟ್ರ್ಯಾಕ್ಟರ್ ಬಂದು ನಿಂತಿತು. ಹಿಂದ ಗೋವಿನಜೋಳ ಒಕ್ಕೂ ಮಷೀನು. ಟ್ರ್ಯಾಕ್ಟರ್ ಮ್ಯಾಲ ಡ್ರೈವರ್ ಫಕ್ಕೀರೇಶ, ಬಾಜೂಕ ಹೊಸಾ ಅಂಗಿ ಹಾಕ್ಕೊಂಡು ಚನ್ನೇಶ.

ಕರಬಸಪ್ಪನ ಎದಿ ಹಿಗ್ಗಿತು. "ಬರ್ರಿ ಬರ್ರಿ ಅಳಿಯಂದ್ರ! ಏ ಸುಶೀ, ನೀರು ತಗೊಂಬಾ! ಕುಂಡ್ರಿ, ಇಲ್ಲೆ ಕುಂಡ್ರಿ!" ಅಂತ ಇದ್ದ ಒಂದ ಖುರ್ಚಿ ಒರಸಿ ಒರಸಿ ಅದರ ಬಣ್ಣಾನ ತಗದ.

ಚನ್ನೇಶ ಕುಂಡ್ರಲಿಲ್ಲ. ಮಾವನ ಕಾಲಿಗೆ ಬಿದ್ದು, ಮಷೀನ್ ಕಡೆ ಕೈ ಮಾಡಿದ. "ಬೇರಿಂಗ್ ಹೋಗೇತ್ರಿ ಮಾವಾರ, ಹೊಸಾದು ತಂದೇನಿ. ಬಿಚ್ಚಾಕ ಹೋದ್ರ ಒಂದ ಬೋಲ್ಟ್ ತಲಿ ಹಾರಿ ಒಳಗ ಕುಂತೈತಿ. ಹಬ್ಬ ಆದ ಮ್ಯಾಲ ಒಕ್ಕಾಕ ಮಂದಿ ಹೊಲಾ ಒಪಗೊಂಡೇನಿ. ನೀವ ಏನರ ಮಾಡ್ಬೇಕು."

ಬಂದೇಸಾಬ ತನ್ನ ಬಾಕಿನ ಮ್ಯಾಲಿಂದನ ಕೇಳಿದ. "ಚಿಕ್ಕೇರೂರಿಂದ ಇಲ್ಲೀಮಟಾ ಗ್ಯಾರೇಜ್ ಭಾಳ ಅದಾವಲ್ರಿ ಚನ್ನೇಶಪ್ಪ. ಎಲ್ಲಾ ದಾಟಿ ಬಂದ್ರೇನು?"

"ಖಂಡೇ ಪೂಜಿ ಅಲ್ರಿ, ಎಲ್ಲಾ ಬಂದ್ ಅದಾವು."

"ಹೌದೌದು. ಆಡೂರಾಗ ಒಂದ ನೋಡ್ರಿ, ಖಂಡೇ ಪೂಜಿ ಮಾಡಂಗಿಲ್ಲ!"

ಮಂದಿ ಗೊಳ್ ಅಂತ ನಕ್ರು. ಚನ್ನೇಶನ ಕಿವಿ ಕೆಂಪಾದ್ವು. ಅವನ ಕಣ್ಣು ಮಾವನ ಹತಾರದ ಮ್ಯಾಲ ಇರ್ಲಿಲ್ಲ, ಹಿಂದಿನ ಮನಿ ಬಾಗಲದಾಗ ಇತ್ತು. ಬಾಗಲದಾಗ ಸುಶೀಲವ್ವ ನೀರಿನ ತಂಬಿಗಿ ಹಿಡಕೊಂಡು ನಿಂತಿದ್ಲು. ಅಕಿ ಅಳಿಯನ್ನ ನೋಡಿದ್ಲು, ಮಷೀನ್ ನೋಡಿದ್ಲು, ಗಂಡನ ಕೈ ಆಗ್ಲೇ ತುರಸಾಕ ಹತ್ತಿದ್ದನ್ನೂ ನೋಡಿದ್ಲು.

"ಬನ್ನಿ ಮುಡಿಯೂ ಮಟಾ ಒಂದ ಮೊಳೀನೂ ಮುಟ್ಟಂಗಿಲ್ಲ," ಅಂದ್ಲು. "ನಾಳೆ ಸಂಜಿಕೆ ನೋಡೂಣು. ಅಲ್ಲೀಮಟಾ ಇರ್ರಿ ಚನ್ನೇಶಪ್ಪ, ಹೋಳಿಗಿ ಮಾಡೇನಿ."

ಚನ್ನೇಶ ಒಳಗ ಕೈಕಾಲು ತೊಳ್ಯಾಕ ಹೋದ. ಕರಬಸಪ್ಪ ಆ ಸಂದಿ ನೋಡಿ ಡ್ರೈವರ್ ಫಕ್ಕೀರೇಶನ್ನ ಹಿಡದು, ಕೈಯಾಗ ಚಾ ಕೊಟ್ಟು, ಬಂದೇಸಾಬನ ಬಾಕಿನ ಮ್ಯಾಲ ಕುಂಡ್ರಿಸಿದ. "ಏನಾತು? ಹೇಳು. ಲಗೂ ಹೇಳು."

ಫಕ್ಕೀರೇಶಗ ಹೇಳೂದ ಬೇಕಾಗಿತ್ತು. "ಇದ ಬೋಲ್ಟಿನ ಸಲುವಾಗಿರಿ. ನಮ್ಮ ಚನ್ನೇಶಣ್ಣಾರು ಪಾನಾಕ್ಕ ಪೈಪ್ ಸಿಗಿಸಿ ಜಗ್ಗಾಕ ನಿಂತಿದ್ರು. ಸುಧಾಕ್ಕ ಬಂದು ನೋಡಿ, 'ಜಂಗು ಹಿಡದೈತಿ, ಎಣ್ಣಿ ಬಿಟ್ಟು ಒಂದ ದಿನ ಬಿಡ್ರಿ, ಜಗ್ಗಿದ್ರ ತಲಿ ಹಾರತೈತಿ' ಅಂದ್ಲು. ಕೆಲಸದ ಮಂದಿ ಎಲ್ಲಾ ಅಲ್ಲೇ ಇದ್ವಿ. ಅಣ್ಣಾರಿಗೆ ಸಿಟ್ಟ ಬಂತು. 'ಅದನ್ನ ಹೋಗಿ ನಿಮ್ಮಪ್ಪನ ಮನ್ಯಾಗ ಹೇಳು' ಅಂದಬಿಟ್ರು. ನಾವೂ ನಕ್ವಿ, ಸುಳ್ಳ್ಯಾಕ ಹೇಳ್ಲಿ. ಆಮ್ಯಾಲ ಜಗ್ಗಿದ್ರು, ತಲಿ ಹಾರ್ತು. ಸುಧಾಕ್ಕ ಒಳಗ ಹೋಗಿ ಬ್ಯಾಗ್ ತಗೊಂಡು ಬಂದ್ಲು. 'ಅಲ್ಲೇ ಹೇಳು ಅಂದ್ರಲ್ಲ, ಹೇಳಾಕ ಹೊಂಟೇನಿ' ಅಂತ ಬಸ್ ಹತ್ತಿದ್ಲು."

ಕರಬಸಪ್ಪ ಹೋ ಅಂತ ನಕ್ಕ. ಇಷ್ಟು ದಿನ ಏನೇನೋ ನೆನಸಿ ನಿದ್ದಿ ಕೆಡಿಸಿಕೊಂಡಾಂವ ಅಂವ, ಎದಿ ಮ್ಯಾಲಿನ ಕಲ್ಲು ಇಳದಂಗಾತು. ನಕ್ಕೋಂತನ ಅಡಗಿ ಮನಿಗೆ ನುಗ್ಗಿದ.

"ಏ ಹುಚ್ಚೀ, ಇಷ್ಟಕ್ಕ ಬಂದೀ ಏನು? ಗಂಡಸರು ಸಿಟ್ಟಿನ್ಯಾಗ ಒಂದ ಮಾತು ಅಂತಾರ. ನಾ ನಿಮ್ಮವ್ವಗ ಎಷ್ಟ ಸಲ ಅಂದಿಲ್ಲ!"

ಸುಧಾರಾಣಿ ಹೋಳಿಗಿ ಲಟ್ಟಿಸೂದು ನಿಲ್ಲಿಸಿ ಅಪ್ಪನ ಮಾರಿ ನೋಡಿದ್ಲು. "ಹೌದಪಾ. ನಾ ಕೇಳ್ಕೋಂತನ ಬೆಳದೇನಿ," ಅಂದ್ಲು. ಕೈ ತೊಳಕೊಂಡ್ಲು, ಗ್ವಾಡಿ ಮಾಡದಾಗ ಎಂದೋ ಉಳಿಸಿ ಇಟ್ಟಿದ್ದ ಚಿಮಣಿ ಎಣ್ಣಿ ಬಾಟ್ಲಿ ತಗೊಂಡು, ಅವ್ವನ ಎಲಿ ಅಡಕಿ ಕುಟ್ಟೂ ಕುಟ್ಟಾಣಿ ತಗೊಂಡು ಹೊರಗ ಹೋದ್ಲು. ಸುಶೀಲವ್ವ ಸಟ್ಟುಗದಲೆ ಹಂಚಿನ ಮ್ಯಾಲಿನ ಹೋಳಿಗಿ ಮಗುಚಿದ್ಲು.

ಹತಾರ ಮುಟ್ಟಂಗಿಲ್ಲ ಖರೇ. ಚಿಮಣಿ ಎಣ್ಣಿ ಬಾಟ್ಲಿಗೆ ಯಾರೂ ಪೂಜಿ ಮಾಡಿರಲಿಲ್ಲ. ಕುಟ್ಟಾಣಿಗೂ ಮಾಡಿರಲಿಲ್ಲ, ಯಾಕಂದ್ರ ಸುಶೀಲವ್ವಗ ಅದನ್ನ ಬಿಟ್ಟು ಅರ್ಧಾ ದಿನ ಇರಾಕ ಆಗಂಗಿಲ್ಲ. ಸುಧಾರಾಣಿ ಮಷೀನಿನ ಬಾಜೂಕ ಕುಕ್ಕರಗಾಲಲೆ ಕುಂತು, ಮುರದ ಬೋಲ್ಟಿನ ಸುತ್ತ ಹನಿ ಹನಿ ಎಣ್ಣಿ ಬಿಟ್ಲು. ಕುಟ್ಟಾಣಿ ಕಲ್ಲಲೆ ಮೆತ್ತಗ ಟಕ್ ಟಕ್ ಅಂತ ಬಡದ್ಲು. ಮತ್ತ ಎಣ್ಣಿ ಬಿಟ್ಲು. ಸಣ್ಣಾಕಿದ್ದಾಗ ಶಾಳಿ ಬಿಟ್ಟ ಮ್ಯಾಲ ಇದ ಶೆಡ್ಡಿನ್ಯಾಗ ಆಡಿ ಬೆಳದ ಕೈ ಅದು.

ಚನ್ನೇಶ ದೂರ ನಿಂತು ನೋಡಿದ. ಆಮ್ಯಾಲ ಹತ್ತಿರ ಬಂದು ಕೈ ಚಾಚಿದ. "ಕೊಡು, ನಾ ಬಿಡ್ತೇನಿ."

ಅಕಿ ಬಾಟ್ಲಿ ಕೊಡಲಿಲ್ಲ. ಅಂವ ಹೋಗಲೂ ಇಲ್ಲ.

ಹೋಳಿಗಿ ಊಟ ಆತು. ತುಪ್ಪದ ಹೋಳಿಗಿ ತಿಂದ ಮಂದಿ ಎಲ್ಲೆಲ್ಲಿ ಜಾಗಾ ಸಿಕ್ತೋ ಅಲ್ಲಲ್ಲೆ ಮಲಗಿದ್ರು. ಕರಬಸಪ್ಪಗ ನಿದ್ದಿ ಎಲ್ಲಿಂದ ಬರಬೇಕು? ಆ ಮಗ್ಗಲಾಗ ಹೊಳ್ಳಿದ, ಈ ಮಗ್ಗಲಾಗ ಹೊಳ್ಳಿದ. ಅವಂಗ ಒಂದ ಲೆಕ್ಕಾ ಹೊಳೀತು. ಬೋಲ್ಟಿನ ಸಲುವಾಗಿ ಜಗಳ, ಬೋಲ್ಟಿನ ಸಲುವಾಗಿನ ಅಳಿಯ ಬಂದಾನ. ಈಗಿಂದೀಗ ಬೋಲ್ಟ್ ತಗದು ಬೇರಿಂಗ್ ಕೂಡಿಸಿ ಕೊಟ್ರ ಮಷೀನೂ ಹೋಗತೈತಿ, ಅಳಿಯನೂ ಹೋಗ್ತಾನ, ಅವನ ಹಿಂದ ಮಗಳನ್ನೂ ಟ್ರ್ಯಾಕ್ಟರ್ ಹತ್ತಿಸಿಬಿಡಬಹುದು. ನಾಳೆ ಬನ್ನಿ ಕೊಡಾಕ ಬಂದ ಮಂದಿ, 'ಸುಧಾ ಎಲ್ಲೆ?' ಅಂದ್ರ, 'ಗಂಡ ಬಂದು ಕರಕೊಂಡ ಹೋದ' ಅನ್ನಬಹುದು. ದೇವರಿಗೆ ಆಮ್ಯಾಲ ತಪ್ಪಾತು ಅಂದ್ರಾತು. ದೇವರು ತನ್ನಂವ ಇದ್ದಾನ, ತಿಳ್ಕೋತಾನ.

ಎದ್ದ. ಸದ್ದ ಆಗಬಾರದಂತ ಚಪ್ಪಲಿನೂ ಹಾಕ್ಕೊಳ್ಳಲಿಲ್ಲ. ಬೆಕ್ಕಿನಂಗ ಶೆಡ್ಡಿಗೆ ಬಂದು, ಮಾಲಿ ಒಳಗ ಕೈ ತೂರಿಸಿ ದೊಡ್ಡ ಪಾನಾಕ್ಕ ಕೈ ಹಚ್ಚಬೇಕು, ಅಷ್ಟರಾಗ,

"ಕೈ ಹಿಂದಕ್ಕ ತಗೋರಿ."

ವೆಲ್ಡಿಂಗ್ ಮಷೀನಿನ ಆ ಕಡೆ ಚೀಲದ ಮ್ಯಾಲ ಸುಶೀಲವ್ವ ಕುಂತಿದ್ಲು. ತೊಡಿ ಮ್ಯಾಲ ಸವಣೂರ ಎಲಿ. ತನ್ನ ಗಂಡ ಬಂದ ಬರ್ತಾನ ಅಂತ ಅಕಿಗೆ ಗೊತ್ತಿತ್ತು.

"ಏ, ನೀ ಇಲ್ಲ್ಯಾಕ ಕುಂತೀ?" ಅಂತ ಕರಬಸಪ್ಪ ಮೊದಲ ದಬಾಯಿಸಿ ನೋಡಿದ. ಅದು ನಡೀಲಿಲ್ಲ. ಆಮ್ಯಾಲ ದನಿ ಇಳಿಸಿದ. "ತಿಳ್ಕೋ. ಬೋಲ್ಟ್ ಬಂದ್ರ ಇವತ್ತ ಹೊಂಡ್ತಾರ. ಸುಧಾನ್ನೂ ಸಂಗಾಟ ಕಳಸಿಬಿಡೂಣು."

"ಅಕಿ ಹೋಗ್ತೇನಿ ಅಂದಾಳೇನು?"

"ಅಕಿನ್ನೇನ ಕೇಳೂದು! ಇಷ್ಟೀಟ ಮಾತಿಗೆ ಹೆಣ್ಮಕ್ಕಳು ಬ್ಯಾಗ್ ಹಿಡದ್ರ ಸಂಸಾರ ನಡದಾವೇನು? ನಾ ನಿನಗ ದಿನಾ ಬೆಳಗಾದ್ರ ಅಂತಿದ್ದೆ, ನಿಮ್ಮಪ್ಪನ ಮನಿಗೆ ಹೋಗು ಅಂತ. ನೀ ಒಮ್ಮೆರ ಹೋದೆ ಏನು? ಹೇಳು, ಒಮ್ಮೆರ ಹೋದೆ ಏನು?"

ಸುಶೀಲವ್ವ ಎಲಿಗೆ ಸುಣ್ಣ ಹಚ್ಚೂದು ಬಿಟ್ಲು.

"ಎಲ್ಲಿಗೆ ಹೋಗ್ಲಿ?" ಅಂದ್ಲು.

ಕರಬಸಪ್ಪಗ ತಿಳೀಲಿಲ್ಲ. "ಅಂದ್ರ?"

"ನಮ್ಮಪ್ಪ ನಮ್ಮ ಲಗ್ನಾದ ವರ್ಷನ ತೀರಿಕೊಂಡ. ನಮ್ಮಣ್ಣ ಆ ಮನಿ ಮಾರಿ ಹುಬ್ಬಳ್ಳಿಗೆ ಹೋದ. ನಿಮಗ ಗೊತ್ತಿಲ್ದ ಏನಲ್ಲ, ಮಣ್ಣಿಗೆ ನೀವೂ ಬಂದಿದ್ರಿ. ಆದ್ರೂ ನೀವು ಸಿಟ್ಟಿಗೆದ್ದಾಗೊಮ್ಮೆ ಹೋಗು ಹೋಗು ಅಂತಿದ್ರಿ. ನಾ ಹೋಗತಿದ್ದೆ. ಹಿತ್ತಲದ ಮಟಾ ಹೋಗತಿದ್ದೆ. ಅಲ್ಲೆ ಕಟ್ಟಗಿ ಒಟ್ಟಲದ ಹಿಂದ ಒಂದೀಟು ನಿಂತು, ಮಾರಿ ಒರಸಿಕೊಂಡು ಒಳಗ ಬಂದು ರೊಟ್ಟಿ ಬಡೀತಿದ್ದೆ. ಅದ ನಂದು ಅಪ್ಪನ ಮನಿ."

ಅಕಿ ಹಿತ್ತಲಕ್ಕ ಹೋಗೂದನ್ನ ಕರಬಸಪ್ಪ ನೋಡಿದ್ದ, ಎಷ್ಟೋ ಸಲ ನೋಡಿದ್ದ. ಕಟ್ಟಗಿ ತರಾಕ ಹೊಂಟಾಳ ಅಂತ ತಿಳಕೊಂಡಿದ್ದ. ಒಮ್ಮೆ, 'ಕಟ್ಟಗಿ ತರಾಕ ಇಷ್ಟೊತ್ತೇನು?' ಅಂತ ಒದರಿದ್ದೂ ನೆನಪಾತು.

"ನಾ ಹೋಗಲಿಲ್ಲ ಅಂತ ದೊಡ್ಡಸ್ತನಾ ಹೇಳಬ್ಯಾಡ್ರಿ," ಅಂದ್ಲು ಸುಶೀಲವ್ವ. ಅಕಿ ದನಿಯಾಗ ಈಗ ಸಿಟ್ಟಿರಲಿಲ್ಲ, ಅದ ಅವಂಗ ಹೆಚ್ಚು ಹತ್ತಿತು. "ಹೋಗಾಕ ಜಾಗಾ ಇರಲಿಲ್ಲ, ಕುಂತೆ. ನನ್ನ ಮಗಳಿಗೆ ಜಾಗಾ ಐತಿ, ಬಂದಾಳ. ಬಂದಾಗಿಂದ ನೀವು ಅಕಿನ್ನ ಏನ್ ಕೇಳಾಕತ್ತೀರಿ? ಏನಾತು, ಯಾವಾಗ ಹೋಗ್ತಿ, ಯಾವಾಗ ಹೋಗ್ತಿ. ಮತ್ತೇನರ ಕೇಳೀರೇನು? ಗಂಡ ಹೋಗು ಅಂದ, ಅಪ್ಪನೂ ಹೋಗು ಅಂದ್ರ ಅಕಿನೂ ಹಿತ್ತಲಕ್ಕ ಹೋಗಿ ನಿಂದ್ರಬೇಕಾಕ್ಕೈತಿ. ನಾ ಜೀವ ಇರೂ ಮಟಾ ಅದನ್ನ ಆಗಗೊಡಂಗಿಲ್ಲ."

ಅಂವ ಮಾಲಿ ಒಳಗಿನ ಕೈ ಹೊರಗ ತಗದ. ಬೆರಳಿಗೆ ಈಬತ್ತಿ ಹತ್ತಿತ್ತು. ಯಾವಾಗಲೂ ಮಂದಿ ಮಾತು ಮುಗಿಸಿ ಕೊಡಾಂವಗ ಅವತ್ತ ತನ್ನ ಒಂದ ಮಾತು ಸುರು ಮಾಡಾಕ ಆಗಲಿಲ್ಲ. ಹೊಳ್ಳಿ ಮನಿಯೊಳಗ ಹೋದ, ಹಿತ್ತಲದ ಬಾಗಲಾ ತಗದು ನೋಡಿದ. ಕಟ್ಟಗಿ ಒಟ್ಟಲ ಇರಲಿಲ್ಲ. ಗ್ಯಾಸ್ ಬಂದ ಮ್ಯಾಲ ಅದನ್ನ ತಗದು ಎಷ್ಟೋ ಕಾಲ ಆಗಿತ್ತು. ಆ ಜಾಗಾದಾಗ ಒಂದ ನುಗ್ಗಿ ಗಿಡ ಬೆಳದಿತ್ತು. ಅಂವ ಅಲ್ಲೆ ಸ್ವಲ್ಪ ಹೊತ್ತು ನಿಂತ. ನಿಂದ್ರಾಕ ಆಗಲಿಲ್ಲ, ಒಳಗ ಬಂದಬಿಟ್ಟ.

ಮರುದಿನ ದಶಮಿ. ಅಂಥಾ ಉದ್ದನ್ನ ದಿನಾ ಕರಬಸಪ್ಪ ಜನ್ಮದಾಗ ಕಂಡಿರಲಿಲ್ಲ. ಹತಾರ ಮುಟ್ಟಂಗಿಲ್ಲ, ಇದು ಒಂದ ಕಷ್ಟ. ಮಗಳನ್ನ ಏನೂ ಕೇಳಬಾರದು ಅಂತ ತಾನ ತನಗ ಆಣಿ ಹಾಕ್ಕೊಂಡಿದ್ದ, ಇದು ಅದಕ್ಕಿಂತ ದೊಡ್ಡ ಕಷ್ಟ. ಸುಧಾರಾಣಿ ಎದುರಿಗೆ ಬಂದ್ರ ಬಾಯಿ ತಗಿಯಾಂವ, ಮುಚ್ಚಾಂವ. ರಸ್ತಾಕ್ಕ ಹೋಗಿ ಬರಾಂವ. ಅಂಗಳದಾಗಿನ ಕಸಾ ತಾನ ಹೊಡದ, ಹೊಡದ ಜಾಗಾನ ಮತ್ತ ಹೊಡದ. ಎಮ್ಮಿಗೆ ನೀರು ಕುಡಿಸಿದ, ಅದು ಸಾಕು ಅಂದ್ರೂ ಬಿಡಲಿಲ್ಲ. ಅವನ ಬಾಯಿ ತಗಿಯೂದು ಮುಚ್ಚೂದು ನೋಡಿ ಬಂದೇಸಾಬ, "ಹಲ್ಲ ಬ್ಯಾನಿ ಐತೇನಣ್ಣ?" ಅಂತ ಕೇಳಿದ.

"ಐತಿ," ಅಂದ ಕರಬಸಪ್ಪ. "ಭಾಳ ಹಳೇದು."

ಸುಧಾರಾಣಿ ಮುಂಜಾನೆ ಎದ್ದು ಬೋಲ್ಟಿಗೆ ಎಣ್ಣಿ ಬಿಟ್ಲು, ಬಿಸಲೇರಿದ ಮ್ಯಾಲ ಮತ್ತ ಬಿಟ್ಲು. ಚನ್ನೇಶ ಈ ಸಲ ಬಾಟ್ಲಿ ಕೇಳಲಿಲ್ಲ. ಅಕಿ ಬಾಜೂಕ ಕುಂತು, ಬಾಟ್ಲಿಯ ಮುಚ್ಚಳ ಹಿಡಕೊಂಡಿದ್ದ.

"ಎಣ್ಣಿ ಇಳದೈತೇನು?" ಅಂದ.

"ಇಳಿಯಾಕತ್ತೈತಿ."

ಅಷ್ಟ ಅವರ ಮಾತು. ಕಿಡಕ್ಯಾಗಿಂದ ಕೇಳಿದ ಕರಬಸಪ್ಪಗ ಮತ್ತೇನರ ಅಂತಾರೇನೋ ಅಂತ ಜೀವ ತುಡೀತಿತ್ತು. ಓಡಿ ಹೋಗಿ ಇಬ್ಬರದೂ ತಲಿ ಹಿಡದು ಡಿಕ್ಕಿ ಹೊಡಿಸಿ, 'ಮಾತಾಡ್ರಲೇ' ಅನ್ನಬೇಕು ಅನ್ನಿಸ್ತಿತ್ತು. ಸುಶೀಲವ್ವ ಹಿಂದಿಂದ ಅಂಗಿ ಹಿಡದು ಜಗ್ಗಿದ್ಲು.

ಸಂಜಿ ಆತು. ಊರ ಮಂದಿ ಬನ್ನಿ ಗಿಡದ ಪೂಜಿ ಮುಗಿಸಿ, ಮುಷ್ಟಿ ತುಂಬ ಎಲಿ ಹಿಡಕೊಂಡು ಮನಿ ಮನಿಗೆ ಬಂದ್ರು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ," "ಬಂಗಾರದಂಗ ಇರೂಣು." ಸಣ್ಣವರು ದೊಡ್ಡವರ ಕಾಲಿಗೆ ಬಿದ್ರು. ಚನ್ನೇಶ ಅತ್ತಿ ಮಾವನ ಕಾಲಿಗೆ ಬಿದ್ದ. ಬಂದೇಸಾಬ ಬಂದು ಬನ್ನಿ ಕೊಟ್ಟು ಎದಿಗೆ ಎದಿ ಹಚ್ಚಿದ. ಅಷ್ಟಾದದ್ದ ತಡ, ಮಂದಿ ಎಲ್ಲಾ ಶೆಡ್ಡಿನ ಮುಂದ ಬಂದು ನಿಂತ್ರು. ಅಳಿಯಂದ್ರ ಬೋಲ್ಟಿನ ಸುದ್ದಿ ಊರ ತುಂಬ ಆಗಿತ್ತು ನೋಡ್ರಿ, ಬ್ಯಾಗಿನ ಸುದ್ದಿನೂ ಆಗಿತ್ತು.

ಕರಬಸಪ್ಪ ಹತಾರಕ್ಕ ಕೈ ಮುಗದು ಮಾಲಿ ಸರಸಿದ. ಬೋಲ್ಟಿನ ಸುತ್ತಲಿನ ಎಣ್ಣಿ ಬಟ್ಟಿಲೆ ಒರಸಿದ. ಹೊರಗ ಉಗುರಿನಷ್ಟ ಉಳಕೊಂಡಿದ್ದ ಮುರುಕಿನ ಮ್ಯಾಲ ಒಂದ ನಟ್ ಇಟ್ಟು ವೆಲ್ಡಿಂಗ್ ಹೊಡದ. ಬೆಳಕು ಚಿಮ್ಮಿತು, ಮಂದಿ ಮಾರಿ ತಿರುವಿದ್ರು. ನಟ್ಟು ಮುರುಕಿಗೆ ಕೂಡಿಕೊಂಡು ಕೆಂಪಗ ಕುಂತಿತ್ತು. ಅದ ಈಗ ಆ ಬೋಲ್ಟಿಗೆ ಹೊಸಾ ತಲಿ. ಎಂದಿನ ಕರಬಸಪ್ಪ ಆಗಿದ್ರ ಆ ಕೆಂಪಿನ ಮ್ಯಾಲನ ಪಾನಾ ಹಾಕಿ ಜಗ್ಗತಿದ್ದ.

"ತಡೀರಿ," ಅಂದ. "ಆರಲಿ."

ಬಂದೇಸಾಬ ತನ್ನ ಕಿವ್ಯಾಗ ಬೆರಳು ಹಾಕಿ ತಿರುವಿಕೊಂಡ. ಸುಶೀಲವ್ವ ಬಾಗಲದಾಗ ನಿಂತಾಕಿ ಎರಡ ಹೆಜ್ಜಿ ಮುಂದ ಬಂದ್ಲು. ಎಲ್ಲಾರೂ ಆರೂ ಮಟಾ ನಿಂತ್ರು. ಕರಬಸಪ್ಪನ ಕಾಲು ಕುಣೀತಿದ್ವು, ಖರೇ. ಆದ್ರ ಕೈ ಪಾನಾ ಹಿಡದು ಸುಮ್ನ ಇದ್ವು. ನಟ್ಟು ಕಪ್ಪಾದ ಮ್ಯಾಲ ಅಂವ ಆ ಪಾನಾನ ಅಳಿಯನ ಕೈಯಾಗ ಕೊಡಲಿಲ್ಲ, ತಾನೂ ಹಚ್ಚಲಿಲ್ಲ. ಮಗಳ ಮುಂದ ಹಿಡದ.

"ನೀ ತಿರುವವ್ವಾ. ಎಣ್ಣಿ ನೀ ಬಿಟ್ಟೀ, ಅದು ನಿನ್ನ ಕೈ ಮಾತ ಕೇಳತೈತಿ."

ಸುಧಾರಾಣಿ ಸೆರಗು ಸಿಗಿಸಿ ಪಾನಾ ಹಿಡದ್ಲು. ಮೊದಲ ಬಿಗಿ ಮಾಡೂ ಕಡೆ ಒಂದ ಕೂದಲಿನಷ್ಟು ಒತ್ತಿದ್ಲು. ಆಮ್ಯಾಲ ಬಿಚ್ಚೂ ಕಡೆ. ಮತ್ತ ಒಂದೀಟು ಹಿಂದ, ಮತ್ತ ಒಂದೀಟು ಮುಂದ. ಜಗ್ಗಲಿಲ್ಲ. ಒಳಗಿಂದ ಕುಂಯ್ ಅಂತ ಒಂದ ಸಣ್ಣ ಸದ್ದ ಬಂತು. ನಟ್ಟು ಸರೀತು. ಕೆಂಪು ಜಂಗಿನ ಪುಡಿ ಉದುರಿತು, ಬೋಲ್ಟು ಸಾವಕಾಶ ಸಾವಕಾಶ ಹೊರಗ ಬಂದು ಅಕಿ ಅಂಗೈಯಾಗ ಬಿತ್ತು. ಮಂದಿ ಹೋ ಅಂದ್ರು. ಫಕ್ಕೀರೇಶ ಸೀಟಿ ಹೊಡದ.

ಅಕಿ ಅದನ್ನ ಚನ್ನೇಶನ ಕೈಯಾಗ ಇಟ್ಲು. ಇನ್ನಾ ಬೆಚ್ಚಗಿತ್ತು. ಅಂವ ಅದನ್ನ ನೋಡಿದ, ಮಂದೀನ್ನ ನೋಡಿದ, ಫಕ್ಕೀರೇಶನ ಕಡೆ ಹೊಳ್ಳಿದ.

"ಫಕ್ಕೀರಾ, ಅವತ್ತ ನೀವೆಲ್ಲಾ ಇದ್ರಿ. ಇಕಿ ಹೇಳಿದ್ದ ಖರೇ ಇತ್ತು. ನಾ ಹಂಗ ಅನಬಾರದಿತ್ತು. ಉಳದವರಿಗೂ ಹೋಗಿ ಹೇಳು." ಆಮ್ಯಾಲ ಹೇಣ್ತಿ ಕಡೆ ನೋಡಾಕ ಧೈರ್ಯ ಸಾಲದ ಮಾವನ ಕಡೆ ನೋಡಿದ. "ಮಾವಾರ, ಇಕಿನ್ನ ಕಳಸಿ ಕೊಡ್ರಿ."

ಊರ ಕಣ್ಣೆಲ್ಲಾ ಕರಬಸಪ್ಪನ ಮ್ಯಾಲ. ಇಷ್ಟು ದಿನ ಅಂವ ಬೇಡಿಕೊಂಡಿದ್ದ ಮಾತು ಅದು. 'ಹೋಗವ್ವಾ' ಅನ್ನೂದು ನಾಲಗಿ ತುದಿಗೆ ಬಂದಿತ್ತು. ಅಂವ ಅದನ್ನ ನುಂಗಿದ.

"ನನ್ನ ಯಾಕ ಕೇಳ್ತೀರಿ ಅಳಿಯಂದ್ರ," ಅಂದ. "ಅಪ್ಪನ ಮನಿಗೆ ಹೋಗು ಅಂದ್ರಿ, ಬಂದಾಳ. ಇದು ಅಕಿ ಅಪ್ಪನ ಮನಿ. ಇದ್ರೂ ಅಕಿ ಮರ್ಜಿ, ಹೋದ್ರೂ ಅಕಿ ಮರ್ಜಿ, ಹೋಗು ಅನ್ನಾಕ ನನಗ ಬಾಯಿಲ್ಲ. ಕೇಳೂದಿದ್ರ ಅಕಿನ್ನ ಕೇಳ್ರಿ."

ಸುಧಾರಾಣಿ ಅಪ್ಪನ ಮಾರಿ ನೋಡಿದ್ಲು. ಬಂದಾಗಿಂದ ಒಂದ ಹನಿ ಕಣ್ಣೀರು ಹಾಕದಾಕಿ ಈಗ ಸೆರಗು ಬಾಯಿಗೆ ಹಚ್ಚಿದ್ಲು. ಗಂಡಗ ಹೇಳಿದ್ಲು, "ಮಷೀನ್ ಒಯ್ರಿ, ಹೊಲಾ ಒಪಗೊಂಡೀರಿ. ನಾ ಶೀಗಿ ಹುಣ್ಣಿಮಿ ಮುಗಿಸಿಕೊಂಡು ಬರ್ತೇನಿ. ಕರ್ಯಾಕ ನೀವ ಬರ್ರಿ."

"ಬರ್ತೇನಿ," ಅಂದ ಚನ್ನೇಶ. "ಬೋಲ್ಟ್ ಮುರೀದನ ಬರ್ತೇನಿ." ಅಕಿ ಅಳೂದ್ರಾಗ ನಕ್ಕಬಿಟ್ಲು.

ಬೇರಿಂಗ್ ಕೂಡಿಸಿದ್ದಾತು, ಟ್ರ್ಯಾಕ್ಟರ್ ಹೋತು, ಮಂದಿ ಕರಗಿದ್ರು. ಕರಬಸಪ್ಪನ ಮುಷ್ಟ್ಯಾಗ ಇನ್ನೊಂದೀಟು ಬನ್ನಿ ಉಳದಿತ್ತು. ಎಲ್ಲಾರಿಗೂ ಕೊಟ್ಟಿದ್ದ, ಒಬ್ಬಾಕಿಗೆ ಕೊಟ್ಟಿರಲಿಲ್ಲ. ಯಾವ ವರ್ಷನೂ ಕೊಟ್ಟಿರಲಿಲ್ಲ. ಮನ್ಯಾಕಿಗೇನು ಕೊಡೂದು ಅಂತ ಅವಂಗ ಹೊಳದ ಇರಲಿಲ್ಲ. ಮನಿಯೊಳಗ ನೋಡಿದ, ಇರಲಿಲ್ಲ. ಹಿತ್ತಲಕ್ಕ ಹೋದ. ಸುಶೀಲವ್ವ ನುಗ್ಗಿ ಗಿಡದ ಬುಡಕ್ಕ ಕುಂತು ಕುಟ್ಟಾಣಿಗೆ ಹತ್ತಿದ್ದ ಚಿಮಣಿ ಎಣ್ಣಿ ತಿಕ್ಕಿ ತಿಕ್ಕಿ ತೊಳ್ಯಾಕತ್ತಿದ್ಲು.

ಅಂವ ಬನ್ನಿ ಅಕಿ ಮುಂದ ಹಿಡದ. ಬಂಗಾರದಂಗ ಇರೂಣು ಅನ್ನಬೇಕು, ಅದು ಬಾಯಿಗೆ ಬರಲಿಲ್ಲ. "ಸುಶೀಲಾ," ಅಂದ, "ನಿನಗೂ ಇದ ಅಪ್ಪನ ಮನಿ ಅಂತ ತಿಳಕೋ. ಇನ್ನ ಮ್ಯಾಲ ಹೋಗು ಅನ್ನಂಗಿಲ್ಲ."

ಅಕಿ ಬನ್ನಿ ತಗೊಂಡು ಕಣ್ಣಿಗೆ ಒತ್ತಿಕೊಂಡ್ಲು. ಆಮ್ಯಾಲ ಮೂಗು ಒರಸಿಕೊಂಡು ಅಂದ್ಲು, "ಅಯ್ಯ, ಹಂಗಾದ್ರ ನಿಮ್ಮನ್ನ ಅಪ್ಪಾ ಅಂತ ಕರೀಬೇಕಾಕ್ಕೈತಿ!"

ಕರಬಸಪ್ಪಗ ನಗಬೇಕೋ ಅಳಬೇಕೋ ತಿಳೀಲಿಲ್ಲ. ಎರಡೂ ಬಂದ್ವು. ಹೋಗಾಕ ಹೊಳ್ಳಿದಾಂವ ಹೋಗಲಿಲ್ಲ, ಅಕಿ ಬಾಜೂಕ ನೆಲದ ಮ್ಯಾಲ ಕುಂತ. ಸುಶೀಲವ್ವ ಕುಟ್ಟಾಣ್ಯಾಗ ಎಲಿ ಅಡಕಿ ಹಾಕಿ ಅವನ ಕೈಯಾಗ ಕೊಟ್ಲು. ಅಂವ ತೊಡಿ ಸಂದ್ಯಾಗ ಹಿಡದು, ಹಲ್ಲು ಕಚ್ಚಿ, ಧಡ್ ಧಡ್ ಅಂತ ಕುಟ್ಟಾಕ ಹತ್ತಿದ.

"ಸಾವಕಾಶ," ಅಂದ್ಲು ಅಕಿ. "ಸಾವಕಾಶ ಕುಟ್ಟ್ರಿ. ನಾ ಎಲ್ಲಿಗೂ ಹೊಂಟಿಲ್ಲ."